‘ಎಂಥದೂ ಇಲ್ಲ ಸರ್’: ಕಾಲೇಜಿನಲ್ಲಿ ಮೆಂಟರ್ ಮಾಡುವ ಕೆಲಸ ಏನು?

ಮಲೆನಾಡಿನ ಕಾಲೇಜಿನಲ್ಲಿ ಪಾಠ ಮಾಡಿದವರಿಗೆ ಈ ಉತ್ತರ ಚೆನ್ನಾಗಿ ಗೊತ್ತು. ವಾರದಿಂದ ಕ್ಲಾಸಿಗೆ ಬರದ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಒದ್ದೆ ಕೊಡೆ. ನೀವು ಅವನ ಮೆಂಟರ್, ಅಂದರೆ ಅವನ ಓದು, ಹಾಜರಿ, ಕಷ್ಟಸುಖ ನೋಡಿಕೊಳ್ಳಲು ಕಾಲೇಜು ಗೊತ್ತುಮಾಡಿದ ಮೇಷ್ಟ್ರು. “ಎಂಥ ಆಯ್ತು ಮಾರಾಯ?” ಅಂತ ಕೇಳುತ್ತೀರಿ. “ಎಂಥದೂ ಇಲ್ಲ ಸರ್” ಅನ್ನುತ್ತಾನೆ. “ಸರಿ, ನಾಳೆಯಿಂದ ಸರಿಯಾಗಿ ಬಾ” ಅನ್ನುತ್ತೀರಿ. ಮೆಂಟರ್ ಡೈರಿಯಲ್ಲಿ ‘ವಿದ್ಯಾರ್ಥಿಗೆ ತಿಳಿಹೇಳಲಾಯಿತು’ ಅಂತ ಒಂದು ಸಾಲು ಬೀಳುತ್ತದೆ. ಅವನಿಗೂ ನೆಮ್ಮದಿ, ನಿಮಗೂ ನೆಮ್ಮದಿ. ಅವನು ಯಾಕೆ ಬರಲಿಲ್ಲ ಅನ್ನುವುದು ಮಾತ್ರ ಇಬ್ಬರ ನಡುವೆ ಹಾಗೇ ಉಳಿಯುತ್ತದೆ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪದವಿ ತರಗತಿಗಳಿಗೆ ಪಾಠ ಮಾಡಿಕೊಂಡು ಬಂದವನು. ಮೆಂಟರ್ ಪಟ್ಟಿಯಲ್ಲಿ ನನ್ನ ಹೆಸರು ಬಂದ ಮೊದಲ ಎರಡು ಮೂರು ವರ್ಷ ನಾನೂ ಹೀಗೇ ಮಾಡಿದೆ. ಈ ಕೆಲಸ ಹೊಸದಾಗಿ ಹೆಗಲಿಗೆ ಬಿದ್ದವರಿಗೆ ಯಾರೂ ಕೂತು ವಿವರಿಸುವುದಿಲ್ಲ. ಒಂದು ಆದೇಶದ ಪ್ರತಿ ಬರುತ್ತದೆ, ಜೊತೆಗೆ ಇಪ್ಪತ್ತೋ ನಲವತ್ತೋ ಹೆಸರು. ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಮೆಂಟರ್ ಕೆಲಸದಲ್ಲಿ ಬುದ್ಧಿ ಹೇಳುವುದು ಕಾಲು ಪಾಲು ಇದ್ದರೆ ಜಾಸ್ತಿ. ಉಳಿದ ಮುಕ್ಕಾಲು, ಗೈರುಹಾಜರಿಯನ್ನು ಓದಲು ಕಲಿಯುವುದು.

ಎಲ್ಲಿಂದ ಬಂತು ಈ ಮೆಂಟರ್?

ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜುಗಳಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಒಬ್ಬ ಟ್ಯೂಟರ್ ನೋಡಿಕೊಳ್ಳುವ ಪದ್ಧತಿ ಬಹಳ ಹಳೆಯದು. ಅಲ್ಲಿನ ಬೇರೆ ವಿಶ್ವವಿದ್ಯಾಲಯಗಳಲ್ಲಿ ಈಗ ಇವರನ್ನು ಪರ್ಸನಲ್ ಟ್ಯೂಟರ್ ಅನ್ನುತ್ತಾರೆ. ನಮ್ಮಲ್ಲಿ ಇದು ಕಡತಕ್ಕೆ ಬಂದಿದ್ದು ಹೆಚ್ಚಾಗಿ ನ್ಯಾಕ್‌ನಿಂದ. 1994ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ಕಚೇರಿ ಇರುವ ಈ ಸಂಸ್ಥೆ ಕಾಲೇಜುಗಳಿಗೆ ಗ್ರೇಡ್ ಕೊಡುವಾಗ ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್ ಇದ್ದಾರೆ ಅಂತಲೂ ನೋಡುತ್ತ ಬಂದಿದೆ. ಒಳ್ಳೆಯದೇ. ಆದರೆ ಇದರಿಂದ ಆಗಿದ್ದೇನು ಅಂತ ನಮಗೆಲ್ಲ ಗೊತ್ತು. ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಮೂರು ವರ್ಷದ ಮೆಂಟರ್ ಡೈರಿಗಳು ಒಂದೇ ಪೆನ್ನಿನಲ್ಲಿ ತುಂಬುತ್ತವೆ! ನಾನೂ ತುಂಬಿದ್ದೇನೆ, ಸುಳ್ಳು ಯಾಕೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟ ಮೇಲೆ ವಿಷಯಕ್ಕೆ ಸ್ವಲ್ಪ ತೂಕ ಬಂದಿದೆ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು. ನಿಮ್ಮ ಕಾಲೇಜಿನಲ್ಲಿ ಆ ತರಬೇತಿ ಆಗಿಲ್ಲವೇ? ಪ್ರಾಂಶುಪಾಲರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಮೊದಲ ಭೇಟಿಯಲ್ಲಿ ಬಸ್ಸಿನ ಬಗ್ಗೆ ಕೇಳಿ

ಅಚ್ಚಾದ ಫಾರಂನಲ್ಲಿ ತಂದೆಯ ಉದ್ಯೋಗ, ವಾರ್ಷಿಕ ಆದಾಯ, ಹವ್ಯಾಸ ಅಂತೆಲ್ಲ ಇರುತ್ತದೆ. ಹವ್ಯಾಸದ ಎದುರು ಎಲ್ಲರೂ ‘ಪುಸ್ತಕ ಓದುವುದು’ ಅಂತ ಬರೆಯುತ್ತಾರೆ. ಅದನ್ನು ತುಂಬಿಸಿ ಪಕ್ಕಕ್ಕಿಡಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಎಷ್ಟು ಗಂಟೆಗೆ ಮನೆ ಬಿಡುತ್ತೀಯ? ಯಾವ ಬಸ್ಸು? ಅದು ತಪ್ಪಿದರೆ ಏನು ಮಾಡುತ್ತೀಯ?

ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗಿದ್ದೇ ಈ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣ ಹತ್ತಿರವಾಗಲಿ ಅಂತ. ಆದರೆ ‘ಹತ್ತಿರ’ ಅನ್ನುವುದು ಎಲ್ಲರಿಗೂ ಒಂದೇ ಅಲ್ವಲ್ಲ. ಒಂದೇ ಬೆಂಚಿನಲ್ಲಿ ಭದ್ರಾವತಿಯ ಕ್ವಾರ್ಟರ್ಸಿನಿಂದ ಇಪ್ಪತ್ತು ನಿಮಿಷದಲ್ಲಿ ಬಂದವನು ಕೂತಿರುತ್ತಾನೆ. ಅವನ ಪಕ್ಕದಲ್ಲೇ ಹೊಸನಗರದ ಕಡೆಯ ಹಳ್ಳಿಯಿಂದ ಮೂರು ಕಿಲೋಮೀಟರ್ ನಡೆದು, ಎರಡು ಬಸ್ಸು ಹತ್ತಿ ಬಂದವಳು. ಇಲ್ಲಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ಸೇ ಇಲ್ಲದ ಊರಿನ ಹುಡುಗಿ ದಿನಾ ಕಾಸು ಕೊಟ್ಟೇ ಬರುತ್ತಾಳೆ. ತಿಂಗಳ ಕೊನೆಯ ವಾರ ಅವಳು ಬರದಿದ್ದರೆ ಅದಕ್ಕೆ ಕಾರಣ ಸೋಮಾರಿತನ ಇರಲಿಕ್ಕಿಲ್ಲ. ಕೊನೆಯ ಬಸ್ಸು ನಾಲ್ಕು ಗಂಟೆಗೆ ಇದ್ದರೆ ನಾಲ್ಕರವರೆಗಿನ ಪ್ರಾಕ್ಟಿಕಲ್‌ನಲ್ಲಿ ಅವಳು ಯಾಕೆ ಪದೇ ಪದೇ ಗಡಿಯಾರ ನೋಡುತ್ತಾಳೆ ಅಂತಲೂ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಕೇಳಬೇಕು. ಪಿಯುಸಿ ಯಾವ ಮಾಧ್ಯಮ? ಹತ್ತನೇ ತರಗತಿಯವರೆಗೆ, ಕೆಲವರು ಪಿಯುಸಿಯವರೆಗೂ ಕನ್ನಡದಲ್ಲೇ ಓದಿ ಬಂದು, ಪದವಿಯಲ್ಲಿ ಒಮ್ಮೆಗೇ ಇಂಗ್ಲಿಷಿಗೆ ಬೀಳುತ್ತಾರೆ. ಇಂಥವರು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ಪ್ರಶ್ನೆ ಕೇಳುವುದಿಲ್ಲ, ಗಲಾಟೆಯೂ ಮಾಡುವುದಿಲ್ಲ. ನಾವು ‘ಒಳ್ಳೆ ಹುಡುಗ’ ಅಂದುಕೊಳ್ಳುತ್ತೇವೆ. ಇಂಟರ್ನಲ್ಸ್ ಅಂಕ ಬಂದಾಗ ಬೆಚ್ಚುತ್ತೇವೆ. ಇವರಿಗೆ ಬೇಕಾಗಿರುವುದು ಧೈರ್ಯದ ಮಾತಿಗಿಂತ, ಪ್ರತಿ ಘಟಕದ ಮೂವತ್ತು ನಲವತ್ತು ಪದಗಳ ಕನ್ನಡ ಅರ್ಥದ ಒಂದು ಹಾಳೆ.

ಮಳೆ, ಅಡಿಕೆ ಮತ್ತು ಶೇಕಡಾ 75

ಪದವಿ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇಕಡಾ 75 ಹಾಜರಿ ಬೇಕು. ಈ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಕಚೇರಿ ಮಾಡುತ್ತದೆ, ಆಗ ಕೈ ಮೀರಿರುತ್ತದೆ. ಮೆಂಟರ್ ಆದವರು ಮೊದಲ ದಿನವೇ ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಹದಿನಾರು ವಾರ, ವಾರಕ್ಕೆ ನಾಲ್ಕು ಕ್ಲಾಸು ಅಂದರೆ ಒಂದು ವಿಷಯಕ್ಕೆ 64 ಕ್ಲಾಸು. ಅದರಲ್ಲಿ 48ಕ್ಕೆ ಇರಲೇಬೇಕು. ಅಂದರೆ ಕೈಯಲ್ಲಿರುವುದು 16 ರಜೆ. ಮಳೆಗೆ 9 ಹೋಯಿತು, ಗಣೇಶನ ಹಬ್ಬದ ಹಿಂದೆಮುಂದೆ 3 ಹೋಯಿತು ಅಂದರೆ ಉಳಿದದ್ದು ನಾಲ್ಕೇ ನಾಲ್ಕು. ಅಡಿಕೆ ಕೊಯ್ಲು ಇನ್ನೂ ಮುಂದಿದೆ.

ಮಳೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರಿಗೆ ತಕ್ಷಣ ಹೊಳೆಯುವುದಿಲ್ಲ. ಜೋರು ಮಳೆಯ ದಿನ ಜಿಲ್ಲಾಧಿಕಾರಿ ರಜೆ ಕೊಡುವುದು ಎಷ್ಟೋ ಸಲ ತಾಲ್ಲೂಕುವಾರು. ತೀರ್ಥಹಳ್ಳಿ, ಹೊಸನಗರಕ್ಕೆ ರಜೆ ಇರುತ್ತದೆ, ಶಿವಮೊಗ್ಗಕ್ಕೆ ಇರುವುದಿಲ್ಲ. ಕೆಲವೊಮ್ಮೆ ಶಾಲೆ ಮತ್ತು ಪಿಯು ಕಾಲೇಜಿಗೆ ಮಾತ್ರ ರಜೆ, ಪದವಿ ಕಾಲೇಜಿಗೆ ಇಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಬಿಸಿಲಿಲ್ಲದಿದ್ದರೂ ಪಾಠ ನಡೆಯುತ್ತಿರುತ್ತದೆ. ಆಗುಂಬೆ ಕಡೆಯ ಹುಡುಗನ ಊರಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ಮೊಬೈಲಿಗೆ ನೆಟ್‌ವರ್ಕೂ ಇಲ್ಲ. ಅವನು ಹೇಳಿ ಕಳಿಸುವುದಾದರೂ ಹೇಗೆ? ಹಾಜರಿ ಪುಸ್ತಕದಲ್ಲಿ ಮಾತ್ರ ಅವನೂ ಒಂದೇ, ಸಿನಿಮಾಕ್ಕೆ ಹೋದವನೂ ಒಂದೇ. ಅದಕ್ಕೇ ನಾನು ಜುಲೈ, ಆಗಸ್ಟಿನಲ್ಲಿ ರಜೆ ಘೋಷಣೆಯ ಪ್ರತಿಗಳನ್ನು ತಾಲ್ಲೂಕಿನ ಹೆಸರಿನ ಸಮೇತ ಮೆಂಟರ್ ಕಡತದಲ್ಲಿ ಇಡುತ್ತೇನೆ. ಹಾಜರಿ ಕೊರತೆ ಬಂದಾಗ ಪ್ರಾಂಶುಪಾಲರ ಮುಂದೆ ಇಡಲು ಒಂದು ಕಾಗದ ಇರುತ್ತದೆ.

ಕೊಯ್ಲು ಬಂದರೆ ಬೇರೆಯದೇ ಕತೆ. ಅಕ್ಟೋಬರ್ ಕಳೆಯುವ ಹೊತ್ತಿಗೆ ಮನೆ ಮನೆಯಲ್ಲೂ ಅಡಿಕೆ ಅಂಗಳಕ್ಕೆ ಬಂದಿರುತ್ತದೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಸಿಕ್ಕ ದಿನವೇ ಕೊನೆ ಇಳಿಯಬೇಕು, ಇಳಿದದ್ದನ್ನು ರಾತ್ರಿ ಕೂತು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ತೋಟ ಇರುವ ಮನೆಯ ಮಗ ಆಳಿಲ್ಲದ್ದಕ್ಕೆ ನಿಲ್ಲುತ್ತಾನೆ. ತೋಟ ಇಲ್ಲದ ಮನೆಯ ಮಗಳು ಡಬ್ಬದ ಲೆಕ್ಕದಲ್ಲಿ ಸುಲಿಯುವ ಕೂಲಿಗೆ ಹೋಗಿರುತ್ತಾಳೆ. ಬೆಳಿಗ್ಗೆ ಮೊದಲ ಕ್ಲಾಸಿನಲ್ಲಿ ತೂಕಡಿಸುವ ಮಕ್ಕಳ ಬೆರಳು ನೋಡಿ, ಅಡಿಕೆಯ ಕಲೆ ಕಾಣುತ್ತದೆ. ಇದನ್ನು ನಿಲ್ಲಿಸಿ ಅಂತ ಹೇಳಲು ನಾವು ಯಾರು? ಆ ದುಡ್ಡೇ ಎಷ್ಟೋ ಮನೆಯಲ್ಲಿ ಫೀಸು. ಎಲೆಚುಕ್ಕಿ ರೋಗ ಬಿದ್ದ ತೋಟದವರ ಕಷ್ಟವಂತೂ ಹೇಳುವುದೇ ಬೇಡ. ಮೆಂಟರ್ ಮಾಡಬಹುದಾದದ್ದು ಇಷ್ಟು. ಕೊಯ್ಲಿನ ವಾರ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳುವುದು, ಆ ವಾರದಲ್ಲಿ ಇಂಟರ್ನಲ್ಸ್ ಬೀಳದಂತೆ ಸಹೋದ್ಯೋಗಿಗಳ ಜೊತೆ ಮಾತಾಡುವುದು, ಉಳಿದ ವಾರಗಳಲ್ಲಿ ಹಾಜರಿ ಕೂಡಿಸಿಟ್ಟುಕೋ ಅಂತ ಹೇಳುವುದು.

ಜನವರಿ ಕಳೆದ ಮೇಲೆ ಕಾಡಂಚಿನ ಊರಿನವರು ಜ್ವರ ಅಂತ ಫೋನ್ ಮಾಡಿದರೆ ‘ನೆಪ’ ಅನ್ನಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಹತ್ತಿರವಾದಾಗ ಕಾಣಿಸಿಕೊಳ್ಳುತ್ತದೆ. ಜ್ವರ ಬಿಟ್ಟ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದೆ. ವೈದ್ಯರ ಚೀಟಿ ಜೋಪಾನವಾಗಿ ಇಟ್ಟುಕೋ ಅಂತ ಮೊದಲು ಹೇಳಿ. ಇನ್ನು, ದೀಪಾವಳಿ ರಜೆ ಮುಗಿದ ಮೇಲೆ ಓದಿನಲ್ಲಿ ಚುರುಕಾಗಿದ್ದ ಹುಡುಗಿ ಬರುತ್ತಿಲ್ಲ, ಫೋನೂ ಎತ್ತುತ್ತಿಲ್ಲ ಅಂದರೆ ಮನೆಯಲ್ಲಿ ಮದುವೆ ಮಾತು ನಡೆದಿರಬಹುದು. ಅವಳ ಗೆಳತಿಯರಿಗೆ ಗೊತ್ತಿರುತ್ತದೆ.

ಕೇಳುವ ಬಗೆ

‘ಯಾಕೆ ಬಂದಿಲ್ಲ?’ ಅಂದರೆ ಅದು ಪೊಲೀಸ್ ಪ್ರಶ್ನೆ. ಉತ್ತರ ‘ಎಂಥದೂ ಇಲ್ಲ ಸರ್’ ಅಂತಲೇ ಬರುತ್ತದೆ. ದಿನಚರಿ ಕೇಳಿದರೆ ಬಾಯಿ ಬಿಡುತ್ತಾರೆ. ಒಮ್ಮೆ ಒಬ್ಬ ಹುಡುಗನ ಜೊತೆ ಆದ ಮಾತು ಹೀಗಿತ್ತು.

“ಬೈಯಕ್ಕೆ ಕರೆದಿಲ್ಲ, ಕೂತ್ಕೋ. ಬೆಳಿಗ್ಗೆ ಎದ್ದು ಏನೇನು ಮಾಡ್ತೀಯ, ಹೇಳು ನೋಡೋಣ.”

“ಕೊಟ್ಟಿಗೆ ಕೆಲ್ಸ ಸರ್. ಆಮೇಲೆ ಡೈರಿಗೆ ಹಾಲು ಹಾಕಿ ಬರೋದು.”

“ಮೊದ್ಲು ಅದನ್ನ ಯಾರು ಮಾಡ್ತಿದ್ರು?”

“ಅಪ್ಪಯ್ಯ.”

ಅಲ್ಲಿಗೆ ಮಾತು ನಿಂತಿತು. ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ಕಷ್ಟ. ಪಾಠ ಮಾಡಿ ಮಾಡಿ ನಮ್ಮ ಬಾಯಿ ಮುಚ್ಚುವುದೇ ಇಲ್ಲ. ಅರ್ಧ ನಿಮಿಷ ಕಳೆದ ಮೇಲೆ ಅವನೇ ಹೇಳಿದ. ಅಪ್ಪ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ, ತಿಂಗಳಿಂದ ಹಾಸಿಗೆಯಲ್ಲಿದ್ದಾರೆ. ಅವನಿಗೆ ಬುದ್ಧಿಮಾತು ಬೇಕಿರಲಿಲ್ಲ. ಮಧ್ಯಾಹ್ನದ ಕ್ಲಾಸುಗಳಿಗಾದರೂ ಬರುವ ಹಾಗೆ ಒಂದು ಹೊಂದಾಣಿಕೆ, ಬೆಳಗಿನ ನೋಟ್ಸ್ ಕೊಡುವ ಒಬ್ಬ ಗೆಳೆಯ, ಇಷ್ಟು ಸಾಕಾಯಿತು.

ಹತ್ತು ಜನ ಟೀ ಕುಡಿಯುವ ಸ್ಟಾಫ್ ರೂಮಿನಲ್ಲಿ ಇಂಥ ಮಾತು ಆಗುವುದಿಲ್ಲ. ಖಾಲಿ ಕ್ಲಾಸ್ ರೂಮು, ಲೈಬ್ರರಿಯ ಮೂಲೆ, ವರಾಂಡದ ಬೆಂಚು ಆಗಬಹುದು. ಬೇರೆಯವರಿಗೆ ಕಾಣುವಂತಿರಲಿ, ಕೇಳುವಂತಿರುವುದು ಬೇಡ. ಹುಡುಗಿಯೊಬ್ಬಳು ಮೇಡಂ ಹತ್ತಿರ ಮಾತಾಡುತ್ತೇನೆ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ತಕ್ಷಣ ವ್ಯವಸ್ಥೆ ಮಾಡಿ.

ಮನೆಗೆ ಫೋನ್ ಮಾಡುವ ಮುಂಚೆ ವಿದ್ಯಾರ್ಥಿಗೆ ತಿಳಿಸಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮಗಳು ಹತ್ತು ದಿನದಿಂದ ಬಂದಿಲ್ಲ ಅಂತ ಒಬ್ಬ ತಂದೆಗೆ ಹೇಳಿಬಿಟ್ಟೆ. ಅವಳು ಫೀಸಿಗೆ ಅಂತ ಮನೆಯಲ್ಲಿ ಹೇಳದೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ತಂದೆ ಒಂದು ತಿಂಗಳು ಅವಳನ್ನು ಮನೆಯಿಂದ ಹೊರಗೇ ಬಿಡಲಿಲ್ಲ. ಅವಳನ್ನು ಮೊದಲು ಕೇಳಿದ್ದರೆ ನಾನು ಸ್ಕಾಲರ್‌ಶಿಪ್ ಕಡತ ತೆಗೆಯುತ್ತಿದ್ದೆ, ಫೋನ್ ತೆಗೆಯುತ್ತಿರಲಿಲ್ಲ.

ಸ್ಕಾಲರ್‌ಶಿಪ್ ಅಂದ ಕೂಡಲೇ ಹೇಳಬೇಕು, ಮೆಂಟರ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ. ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್) ಪೋರ್ಟಲ್ಲಿನಲ್ಲಿ ಅರ್ಜಿ ನಿಂತುಹೋಗುವುದು ದೊಡ್ಡ ಕಾರಣಕ್ಕಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಕೊನೆಯ ದಿನಾಂಕದ ಹಿಂದಿನ ದಿನ ಸೈಬರ್ ಸೆಂಟರಿನಲ್ಲಿ ಇದು ಗೊತ್ತಾದರೆ ಮುಗೀತು. ವರ್ಷದ ಶುರುವಿನಲ್ಲೇ ಒಂದು ಮಧ್ಯಾಹ್ನ ಎಲ್ಲರಿಗೂ ಈ ಕಾಗದಗಳನ್ನು ತರಲು ಹೇಳಿ, ಪಕ್ಕಪಕ್ಕ ಇಟ್ಟು ಹೆಸರು ಸರಿ ಇದೆಯಾ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆ ಇದೆ ಅನ್ನುವುದೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಬಡವರಿಗೆ ನಿಮ್ಮ ಜೇಬಿನಿಂದ ದುಡ್ಡು ಕೊಡಬೇಕೇ? ಬಸ್ ಚಾರ್ಜು ಕೊಟ್ಟರೆ ಯಾರೂ ತಪ್ಪು ಅನ್ನುವುದಿಲ್ಲ. ಫೀಸು ಕಟ್ಟಲು ಹೋಗಬೇಡಿ. ನಿಮಗೂ ಅವರಿಗೂ ನಡುವೆ ಸಾಲಗಾರನ ಸಂಬಂಧ ಬಂದರೆ ಆಮೇಲೆ ಅವರು ನಿಮ್ಮ ಮುಖ ನೋಡಲು ಹಿಂಜರಿಯುತ್ತಾರೆ.

ನಮ್ಮ ಕೈ ಮೀರಿದ್ದು

“ಸರ್, ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ.” ಈ ಮಾತು ಬಂದಾಗ ‘ಆಯ್ತು, ಹೇಳು’ ಅನ್ನಬೇಡಿ. “ಸುಮ್ಸುಮ್ನೆ ಯಾರಿಗೂ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂದ್ರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗುತ್ತೆ. ಹೇಳೋಕೆ ಮುಂಚೆ ನಿನಗೆ ತಿಳಿಸ್ತೀನಿ” ಅನ್ನಿ. ಹೆಚ್ಚಿನವರು ಇದಾದ ಮೇಲೂ ಹೇಳುತ್ತಾರೆ.

ಮೊದಲ ವರ್ಷದ ಪದವಿ ಮಕ್ಕಳಲ್ಲಿ ಕೆಲವರಿಗೆ ಇನ್ನೂ ಹದಿನೆಂಟು ತುಂಬಿರುವುದಿಲ್ಲ ಅನ್ನುವುದನ್ನು ಮರೆಯುತ್ತೇವೆ. ಅಂಥವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. ಹದಿನೆಂಟು ದಾಟಿದವರಿಗೆ ಕಾಲೇಜಿನ ಆಂತರಿಕ ದೂರು ಸಮಿತಿ ಇದೆ. ಅದರಲ್ಲಿ ಯಾರಿದ್ದಾರೆ ಅಂತ ನಿಮಗೆ ಇವತ್ತೇ ಗೊತ್ತಿರಲಿ. ರ‍್ಯಾಗಿಂಗ್ ಆದರೆ ಯುಜಿಸಿಯ ಸಹಾಯವಾಣಿ 1800-180-5522. ಇಂಥ ವಿಷಯದಲ್ಲಿ ನೀವು ವಿಚಾರಣೆ ಮಾಡಲು ಹೋಗಬೇಡಿ. ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಸರಿಯಾದ ಜಾಗಕ್ಕೆ ಜೊತೆಯಲ್ಲಿ ಹೋಗಿ. ಅಂಗವೈಕಲ್ಯ ಇರುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬರಹಗಾರರ ಸಹಾಯ ಬೇಕಾ, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸಿಗುತ್ತದೆಯಾ ಅಂತ ಸೆಮಿಸ್ಟರ್ ಶುರುವಿನಲ್ಲೇ ಪರೀಕ್ಷಾ ವಿಭಾಗದಲ್ಲಿ ಕೇಳಿಡಿ.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಸಾವಿನ ಮಾತು. ‘ಇದ್ದು ಏನು ಪ್ರಯೋಜನ’ ಅನ್ನುವ ಧಾಟಿಯ ಮಾತು ಕೇಳಿದರೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದರೆ, ಒಮ್ಮೆಗೇ ಎಲ್ಲರಿಂದ ದೂರವಾದರೆ, ನೇರವಾಗಿ ಕೇಳಿ: “ಸಾಯ್ಬೇಕು ಅಂತ ಅನ್ನಿಸ್ತಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಹೆದರುವುದು ತಪ್ಪು. ಕೇಳಿದ್ದಕ್ಕೆ ಭಾರ ಇಳಿದಂತಾಗಿ ಅಳುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ನೀವೇ ಜೊತೆಗೆ ಹೋಗಿ, ಅಥವಾ ನಂಬಿಕೆಯ ಒಬ್ಬರನ್ನು ಕಳಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಕಾಣಬೇಕು. ‘ಕೇಸ್ ಆಗುತ್ತೆ’ ಅಂತ ಹೆದರಿ ಯಾರೂ ಮುಚ್ಚಿಡಬೇಕಿಲ್ಲ. ಇದನ್ನು ಮನೆಯವರಿಗೂ ಹೇಳಿ.

ಡೈರಿ, ಮತ್ತು ಬಾಗಿಲು

ಡೈರಿಯಲ್ಲಿ ದಿನಾಂಕ, ಅವರು ಹೇಳಿದ್ದು, ನೀವು ಮಾಡುತ್ತೇನೆ ಅಂದದ್ದು, ಮಾಡಿದ ದಿನ, ಇಷ್ಟು ಸಾಕು. ‘ಸೋಮಾರಿ’, ‘ಮನೆ ಸರಿ ಇಲ್ಲ’ ಇಂಥದ್ದು ಬೇಡ. ಆ ವಿದ್ಯಾರ್ಥಿ ನಾಳೆ ಅದನ್ನು ಓದಿದರೂ ನಿಮಗೆ ಮುಜುಗರ ಆಗಬಾರದು. ಗುಟ್ಟಿನ ವಿಷಯ ನ್ಯಾಕ್ ತಂಡದ ಮೇಜಿಗೆ ಹೋಗುವ ಪುಸ್ತಕದಲ್ಲಿ ಇರಲೇಬಾರದು.

ನಲವತ್ತು ಜನರನ್ನು ಹೀಗೆ ನೋಡಲು ಆಗುತ್ತದಾ? ಆಗುವುದಿಲ್ಲ. ಅದರಲ್ಲೂ ಅತಿಥಿ ಉಪನ್ಯಾಸಕರಿಗೆ, ಎರಡು ಕಾಲೇಜು ಸುತ್ತುವವರಿಗೆ ಇದನ್ನೂ ಹೊರಿಸುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ತಿಂಗಳಿಗೊಮ್ಮೆ ಹಾಜರಿ ಪುಸ್ತಕ ಹಿಡಿದು ಕೂರುತ್ತೇನೆ. ಮೊದಲಿನಿಂದಲೂ ಕಮ್ಮಿ ಬರುವವರನ್ನು ಹುಡುಕುವುದಿಲ್ಲ, ಅವರ ಕತೆ ಬಹುಪಾಲು ಗೊತ್ತಿರುತ್ತದೆ. ತಪ್ಪದೆ ಬರುತ್ತಿದ್ದು ಒಮ್ಮೆಗೇ ನಿಂತವರ ಹೆಸರಿಗೆ ಗುರುತು ಹಾಕುತ್ತೇನೆ. ಅಂಥವರು ನಲವತ್ತರಲ್ಲಿ ನಾಲ್ಕೈದು ಜನ ಸಿಗುತ್ತಾರೆ. ಮೊದಲು ಕರೆಯುವುದು ಅವರನ್ನು.

ನನ್ನ ಮೆಂಟರ್ ಅವಧಿ ಬುಧವಾರ ಮಧ್ಯಾಹ್ನ. ಹಿಂದೆ ಅದರ ಬೆನ್ನಿಗೇ ಒಂದು ಕ್ಲಾಸ್ ಇತ್ತು. ಒಂದು ಆಗಸ್ಟಿನಲ್ಲಿ ಒಬ್ಬ ಹುಡುಗ ಹದಿನೈದು ನಿಮಿಷ ಕೂತು ‘ಎಂಥದೂ ಇಲ್ಲ ಸರ್’ ಅಂತಲೇ ಎದ್ದ. ಬಾಗಿಲ ಹತ್ತಿರ ಹೋಗಿ ಕೊಡೆ ತೆಗೆದುಕೊಂಡು, ನನ್ನ ಕಡೆ ನೋಡದೆ, “ಸರ್, ಹಾಸ್ಟೆಲಲ್ಲಿ ಒಂದು...” ಅಂದ. ಬೆಲ್ ಹೊಡೆಯಿತು. ನಾಳೆ ಬಾ ಅಂದೆ. ಒಂಬತ್ತು ದಿನ ಅವನು ಬರಲಿಲ್ಲ. ಕೊನೆಗೆ ಅವನ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕಳಿಸಿ ಕರೆಸಬೇಕಾಯಿತು. ಈಗ ಬುಧವಾರ ಆ ಅವಧಿಯ ಮುಂದಿನ ಗಂಟೆ ನನಗೆ ಕ್ಲಾಸ್ ಹಾಕಬೇಡಿ ಅಂತ ಪ್ರತಿ ಸೆಮಿಸ್ಟರೂ ಬರೆದು ಕೊಡುತ್ತೇನೆ. ಟೈಮ್‌ಟೇಬಲ್ ಮಾಡುವ ಸಹೋದ್ಯೋಗಿ ಗೊಣಗುತ್ತಾರೆ, ಆದರೂ ಬಿಟ್ಟುಕೊಡುತ್ತಾರೆ. ಕೊಡೆಗಳ ಬಕೆಟ್ಟನ್ನು ಬಾಗಿಲ ಹೊರಗಿನಿಂದ ಒಳಗೆ, ನನ್ನ ಮೇಜಿನ ಪಕ್ಕಕ್ಕೆ ತಂದಿಟ್ಟಿದ್ದೇನೆ.